ಪಟ್ಟಿಯಣ್ಣನ ಗ್ರಾಫಿಕ್ಸ್

ಕೇಳುವವರು ಕಾಲು ನೀಡಿ ಆರಾಮಾಗಿ ಕೂತುಕೊಳ್ಳಿ. ಹೇಳುವ ನಾನು ಮಾತ್ರ ತಲೆ ತಗ್ಗಿಸಿಕೊಂಡೇ ಹೇಳಬೇಕು. ಕಥೆ ಹಾಗಿದೆ.

ನಾನು ಗಡಿಯಾರ ರಿಪೇರಿ ಮಾಡುವವನು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಕಾಲವನ್ನು ನಡೆಸುವವನಿಗೊಂದು ಕೈ ಮುಗಿದು, ಅವನು ನಡೆಸಿದರೂ ನಡೆಯದೆ ನಿಂತ ಗಡಿಯಾರಗಳ ಹೊಟ್ಟೆ ಬಿಚ್ಚಿ ಕೂರುತ್ತೇನೆ. ಅಂಗಡಿಯ ಮುಂದೆ ರಸ್ತೆ. ರಸ್ತೆಯ ಮೇಲೆ ಜನ ದಾಟುವುದಕ್ಕೆಂದು ಬಳಿದ ಹನ್ನೊಂದು ಬಿಳಿ ಪಟ್ಟಿ. ಅವನ್ನು ಬಳಿದವನೇ ಪಟ್ಟಿಯಣ್ಣ.

ಅವನಿಗೆ ಬೇರೆ ಹೆಸರೂ ಇತ್ತು. ಆದರೆ ಅದು ಆಫೀಸಿನ ಹಾಜರಿ ಪುಸ್ತಕದಿಂದ ಆಚೆ ಬಂದದ್ದೇ ಇಲ್ಲ. ರಸ್ತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕೆಲಸ: ಗೆರೆ ಎಳೆಯುವುದು. ಎರಡು ತುದಿಗೆ ಮೊಳೆ ಹೊಡೆದು, ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿದು ಒಮ್ಮೆ ಮೀಟುತ್ತಿದ್ದ. ರಸ್ತೆಯ ಮೇಲೆ ಕೂದಲೆಳೆಯಂಥ ಗುರುತು ಬೀಳುತ್ತಿತ್ತು. ಆಮೇಲೆ ಉಸಿರು ಬಿಗಿಹಿಡಿದು ರೋಲರ್ ಎಳೆಯುತ್ತಿದ್ದ. ಮನೆಯಲ್ಲಿ ಚಾಪೆ ಒಂದಂಗುಲ ಸೊಟ್ಟಗಿದ್ದರೂ ಅದರ ಮೇಲೆ ಕೂರುವ ಮನುಷ್ಯನಲ್ಲ.

ಆ ಹನ್ನೊಂದು ಪಟ್ಟಿಗಳನ್ನು ಮನಸ್ಸಿಟ್ಟು ನೋಡುತ್ತಿದ್ದವರು ಊರಿಗೆಲ್ಲ ಒಬ್ಬರೇ, ನನ್ನ ಅಂಗಡಿಯ ಪಕ್ಕದ ಮನೆಯ ಸೂಲಗಿತ್ತಿ ಅಜ್ಜಿ. ನಮ್ಮ ಬೀದಿಯ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದ ಕೈ ಅವರದು. ನನ್ನನ್ನೂ ಎಳೆದರು, ಪಟ್ಟಿಯಣ್ಣನನ್ನೂ ಎಳೆದರು. ಕೈ ಇನ್ನೂ ಗಟ್ಟಿಯಾಗಿತ್ತು. ಕಣ್ಣಿಗೆ ಮಾತ್ರ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆ ಆಪರೇಷನ್ ಅಂತ ಡಾಕ್ಟರು ಮುಂದೂಡುತ್ತಲೇ ಇದ್ದರು. ಅಜ್ಜಿಗೆ ಮನುಷ್ಯರ ಮುಖ ಕಾಣುತ್ತಿರಲಿಲ್ಲ, ಗಾಡಿ ನೆರಳಿನ ಹಾಗೆ ಕಾಣುತ್ತಿತ್ತು. ಸ್ಪಷ್ಟವಾಗಿ ಕಾಣುತ್ತಿದ್ದದ್ದು ಕಪ್ಪು ರಸ್ತೆಯ ಮೇಲಿನ ಬಿಳಿ ಪಟ್ಟಿ ಒಂದೇ.

ರಸ್ತೆಯ ಆಚೆ ಮನೆಯ ಮಹಡಿಯಲ್ಲಿ ಅಜ್ಜಿಯ ತಂಗಿ ಇದ್ದರು. ಸೊಂಟ ಮುರಿದು, ಕಿಟಕಿ ಪಕ್ಕದ ಮಂಚವೇ ಅವರ ಲೋಕವಾಗಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ, ನನ್ನ ಗೋಡೆಯ ಹದಿನೇಳು ಗಡಿಯಾರ ಒಟ್ಟಿಗೆ ಹೊಡೆಯುವ ಹೊತ್ತಿಗೆ, ಅಜ್ಜಿ ತಂಗಿಯ ತಲೆ ಬಾಚಲು ಹೊರಡುತ್ತಿದ್ದರು. ಚಿಕ್ಕಂದಿನಿಂದ ತಂಗಿಯ ತಲೆಗೆ ಬೇರೆಯವರ ಬಾಚಣಿಗೆ ತಾಗಿದ್ದಿಲ್ಲವಂತೆ. ಹೊರಡುವಾಗ ನನ್ನ ಅಂಗಡಿಯ ಮುಂದೆ ನಿಂತು ಒಂದು ಮಾತು ಕೇಳುವುದು ವಾಡಿಕೆ:

"ಪಟ್ಟಿ ಇದೆಯೇನಪ್ಪಾ?"

"ಇದೆ ಅಜ್ಜಿ," ಎನ್ನುತ್ತಿದ್ದೆ ನಾನು, ತಲೆ ಎತ್ತದೆ.

ಅಷ್ಟಾದ ಮೇಲೆ ಅಜ್ಜಿ "ಒಂದು... ಎರಡು..." ಅಂತ ಗಟ್ಟಿಯಾಗಿ ಎಣಿಸುತ್ತ ಪಟ್ಟಿಯ ಮೇಲೇ ಕಾಲಿಟ್ಟು ದಾಟುತ್ತಿದ್ದರು. ಕೈ ಹಿಡಿಯಲು ಹೋದವರಿಗೆ ಬೈಗುಳ ಕಾದಿರುತ್ತಿತ್ತು. "ನಾನು ಎಳೆದು ಹಾಕಿದವರ ಕೈ ಹಿಡ್ಕೊಂಡು ನಾನು ನಡೀಬೇಕೇನೋ? ನಡಿ ಅತ್ಲಾಗೆ!"

ಹೀಗೆ ದೇವರ ದಯೆಯಿಂದ ಎಲ್ಲವೂ ನೆಟ್ಟಗಿದ್ದಾಗ ಪಟ್ಟಿಯಣ್ಣನ ಮನೆಗೆ ಅವನ ಭಾವಮೈದುನ ಬಂದ.

ಈ ಭಾವಮೈದುನನದು ವಿಡಿಯೋ ಗೇಮ್ ಅಂಗಡಿ. ಅಂಗಡಿಗೆ ಸುಣ್ಣಬಣ್ಣ ನಡೆಯುತ್ತಿತ್ತಾದ್ದರಿಂದ ಒಂದು ದೊಡ್ಡ ಪರದೆ, ಒಂದು ಯಂತ್ರ, ಎರಡು ಆಟ ತಂದು ಅಕ್ಕನ ಮನೆಯಲ್ಲಿ ಇಳಿಸಿದ. ಅವತ್ತು ರಜಾ ದಿನ. ಅವರ ಮನೆಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಹೋಗಿದ್ದ ನಾನೂ ಅಲ್ಲೇ ಸಿಕ್ಕಿಕೊಂಡೆ.

"ಭಾವ, ಇದು ಹಳೇ ಆಟ," ಎಂದು ಮೊದಲನೆಯದನ್ನು ತೋರಿಸಿದ. ಅದರಲ್ಲಿ ಮರವೆಂದರೆ ಹಸಿರು ಡಬ್ಬ, ಬೆಟ್ಟವೆಂದರೆ ಕಂದು ಡಬ್ಬಗಳ ರಾಶಿ, ಸೂರ್ಯನೂ ಚೌಕ. "ಈಗ ಹೊಸದು ನೋಡಿ. ಇದು ತೆರೆದ ಲೋಕ. ಬೇಲಿ ಇಲ್ಲ, ಗೋಡೆ ಇಲ್ಲ. ಇಡೀ ಊರು, ಬೆಟ್ಟ, ಹೊಳೆ, ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಆ ಬೆಟ್ಟದ ತುದೀಲಿ ಒಬ್ಬ ವಿಜ್ಞಾನಿನ ಕಟ್ಟಿಹಾಕಿದಾರೆ. ನೀವು ಹೋಗಿ ಬಿಡಿಸ್ಕೊಂಡು ಬರಬೇಕು. ಆದ್ರೆ ಅದೆಲ್ಲ ಆಮೇಲೆ. ಮೊದ್ಲು ಗ್ರಾಫಿಕ್ಸ್ ನೋಡಿ ಭಾವ, ಗ್ರಾಫಿಕ್ಸ್!"

ಪಟ್ಟಿಯಣ್ಣ ನೋಡಿದ. ನೋಡಿದವನು ಬಿಡಿಸಲು ಹೋಗಲಿಲ್ಲ. ಪರದೆಯ ಮೇಲೆ ಕೋವಿ ಹಿಡಿದು ನಿಂತಿದ್ದ ವೀರನನ್ನು ಆಟದೂರಿನ ನಡುರಸ್ತೆಗೆ ಕರೆದೊಯ್ದು, ತಲೆ ಬಗ್ಗಿಸಿ ನಿಲ್ಲಿಸಿದ. ಹಿಂದಿನಿಂದ ಲಾರಿ ಬಂದು ಹೊಡೆಯಿತು.

"ಭಾವ, ಸತ್ರಿ!"

"ಸಾಯ್ಲಿ ಬಿಡೋ. ಆ ಪಟ್ಟಿ ನೋಡು! ಚಕ್ರ ಹಾಯೋ ಕಡೆ ಮಾತ್ರ ಸವೆದಿದೆ. ನಡುವೆ ಬಿರುಕು. ಪಕ್ಕದಲ್ಲಿ ನೀರು ನಿಂತಿದೆ, ಆ ನೀರಲ್ಲಿ ಮೋಡ ಹೋಗ್ತಿದೆ. ಬರೆದ ಪುಣ್ಯಾತ್ಮ ಯಾರೋ!"

ಆ ಮಧ್ಯಾಹ್ನ ಆ ವೀರ ಹನ್ನೆರಡು ಸಲ ಲಾರಿಗೆ, ಎರಡು ಸಲ ಬಸ್ಸಿಗೆ ಸಿಕ್ಕಿದ. ಪ್ರತಿ ಸಲವೂ ಎದ್ದು ಬಂದು ಅದೇ ಪಟ್ಟಿಯ ಮುಂದೆ ತಲೆ ಬಗ್ಗಿಸಿದ. ಕೊನೆಗೆ ಆಟದ ಪೊಲೀಸರು ಬಂದು ಹಿಡಿದುಕೊಂಡು ಹೋದರು.

ಪಟ್ಟಿಯಣ್ಣನ ಹೆಂಡತಿ, ನಮ್ಮ ಅತ್ತಿಗೆ, ಪಕ್ಕದಲ್ಲಿ ಕೂತು ಡಬ್ಬಗಳ ಹಳೇ ಆಟ ಆಡುತ್ತಿದ್ದರು. ಆಗಲೇ ಮನೆ ಕಟ್ಟಿ, ಕುರಿ ಸಾಕಿ, ಹೊಳೆಗೊಂದು ಸೇತುವೆಯನ್ನೂ ಹಾಕಿದ್ದರು.

"ಅಕ್ಕಾ, ಆ ಡಬ್ಬದಲ್ಲಿ ಏನಿದೆ ಅಂತ ಆಡ್ತೀಯ?" ಎಂದ ತಮ್ಮ.

"ಇದ್ರಲ್ಲಿ ಬಾಗಿಲು ಬಾಗಿಲ ಹಾಗೆ ಕಾಣುತ್ತೆ, ದಾರಿ ದಾರಿ ಹಾಗೆ ಕಾಣುತ್ತೆ. ನಿನ್ನ ಆಟದಲ್ಲಿ ನಿಮ್ಮ ಭಾವ ಬೆಳಗಿಂದ ಒಂದು ರಸ್ತೆ ದಾಟಿಲ್ಲ."

ಪಟ್ಟಿಯಣ್ಣನಿಗೆ ನಾಟಿತು. ಮಾನ ಉಳಿಸಿಕೊಳ್ಳಲು ಅವನು ವೀರನನ್ನು ಬೆಟ್ಟದ ಬುಡಕ್ಕೆ ತಂದ. ಬೆಟ್ಟ ನಿಜವಾದ ಬೆಟ್ಟವೇ. ಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಇಬ್ಬನಿ. ಆದರೆ ಅಲ್ಲಲ್ಲಿ ಕೆಲವು ಕಲ್ಲಿಗೆ ಯಾರೋ ಬಿಳಿ ಬಣ್ಣ ಬಳಿದಿದ್ದರು.

"ಥೂ! ಇಷ್ಟು ಚೆನ್ನಾಗಿರೋ ಬೆಟ್ಟಕ್ಕೆ ಯಾವನೋ ಸುಣ್ಣ ಬಳಿದು ಕೆಡಿಸಿದಾನೆ!"

"ಅದು ಗುರುತು ಭಾವ. ಬಿಳಿ ಕಲ್ಲು ಹಿಡ್ಕೊಂಡು ಹತ್ತಬೇಕು. ಇಲ್ದಿದ್ರೆ ಯಾವ ಕಲ್ಲು ಹಿಡೀಬೇಕು ಅಂತ ಗೊತ್ತಾಗಲ್ಲ. ಬೇಡ ಅಂದ್ರೆ ಸೆಟ್ಟಿಂಗ್ಸಲ್ಲಿ ತೆಗೀಬಹುದು."

"ತೆಗಿ! ನನ್ನ ಕಣ್ಣಿಗೆ ಅದು ಬೀಳಬಾರದು."

ಇಪ್ಪತ್ತಾರು ವರ್ಷ ಊರಿನ ರಸ್ತೆಗೆ ಬಿಳಿ ಬಣ್ಣ ಬಳಿದೇ ಅನ್ನ ತಿಂದ ಮನುಷ್ಯ ಹೀಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ಮೇಲಿರುವವನೂ ಕೇಳಿರಬೇಕು. ಗುರುತು ಹೋಯಿತು. ಬೆಟ್ಟ ಬಲು ಚೆಂದ ಕಂಡಿತು. ಪಟ್ಟಿಯಣ್ಣ ಇಪ್ಪತ್ಮೂರು ಸಲ ಹತ್ತಿ ಇಪ್ಪತ್ಮೂರು ಸಲ ಬಿದ್ದ.

"ಪಾಪ ರೀ, ಮೇಲೆ ಆ ವಿಜ್ಞಾನಿ ಕಾಯ್ತಾ ಇದಾನೆ," ಎಂದರು ಅತ್ತಿಗೆ.

"ಕಾಯ್ಲಿ. ಅಷ್ಟು ಒಳ್ಳೇ ಜಾಗದಲ್ಲಿ ಕಟ್ಟಿಹಾಕಿದಾರೆ, ಗ್ರಾಫಿಕ್ಸ್ ನೋಡ್ಕೊಂಡಿರ್ಲಿ."

ನನ್ನನ್ನು ಬಾಗಿಲವರೆಗೆ ಬಿಡಲು ಬಂದವನು ಹೊಸ್ತಿಲಲ್ಲಿ ನಿಂತ. "ನೋಡೋ, ಇಪ್ಪತ್ತಾರು ವರ್ಷ ನಾನು ಬಳಿದದ್ದು ಬರೀ ಡಬ್ಬ. ಬಿಳೀ ಡಬ್ಬ. ನಾನು ಹಳೇ ಆಟದವನು ಕಣೋ," ಎಂದ. ನಾನು ಒಂದು ಸಮಾಧಾನದ ಮಾತು ಹೇಳಬಹುದಿತ್ತು. "ನಾಳೆ ನಮ್ಮ ಅಂಗಡಿ ಮುಂದಿನ ಪಟ್ಟಿಗೆ ಹೊಸ ಬಣ್ಣ ಅಲ್ವಾ, ತೋರಿಸಿಬಿಡು ನಿನ್ನ ಕೈನ," ಎಂದುಬಿಟ್ಟೆ. ನಾಲಿಗೆಗೆ ಕೀಲಿ ಕೊಡುವವರು ಯಾರೂ ಇಲ್ಲ ನೋಡಿ.

ಮಾರನೆಯ ದಿನ, ಸೋಮವಾರ, ಅಜ್ಜಿ ದಾಟಿ ಹೋಗಿ ಬಂದ ಮೇಲೆ ಅವನು ರಸ್ತೆಗೆ ಕೋನ್ ಅಡ್ಡವಿಟ್ಟು ಕೂತವನು ಎದ್ದದ್ದು ಸಂಜೆಗೆ. ಹನ್ನೊಂದು ಪಟ್ಟಿಗೂ ಬೂದಿ ಬಣ್ಣದ ನೆರಳು ಕೊಟ್ಟಿದ್ದ. ಚಕ್ರ ಹಾಯುವ ಕಡೆ ಸವೆಸಿದ್ದ. ಬಿರುಕು ಬಿಡಿಸಿದ್ದ. ಬಿರುಕಿನಲ್ಲಿ ಎರಡೆಲೆಯ ಹುಲ್ಲನ್ನೂ ಮೊಳೆಸಿದ್ದ. ಏಳನೆಯ ಪಟ್ಟಿಯನ್ನು ಅರ್ಧ ನುಂಗುವ ಹಾಗೆ ಒಂದು ಗುಂಡಿ, ಗುಂಡಿಯ ತುಂಬ ನೀರು, ನೀರಿನಲ್ಲಿ ಒಂದು ಚೂರು ಮೋಡ. ನಾನು ಗಡಿಯಾರ ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಬಗ್ಗಿ ನೋಡಿದೆ. ಕುಂಚದ ಒಂದು ಎಳೆ ಕಾಣಲಿಲ್ಲ.

ಮಂಗಳವಾರ ಬೆಳಿಗ್ಗೆ ಬೀದಿ ಎದ್ದು ನೋಡಿತು. ತಿಂಗಳಿಂದ ಮಳೆಯ ಸುಳಿವಿಲ್ಲ, ರಸ್ತೆಯಲ್ಲಿ ನೀರು! ಔಷಧಿ ಅಂಗಡಿಯವರು ಪ್ಯಾಂಟು ಮೊಣಕಾಲಿಗೆ ಮಡಚಿ ಸುತ್ತು ಬಳಸಿ ಹೋದರು. ಒಂದು ನಾಯಿ ಕುಡಿಯಲು ಬಂದು, ಮೂರು ಸಲ ನೆಕ್ಕಿ, ಅವಮಾನವಾದವರ ಹಾಗೆ ಅತ್ತಿತ್ತ ನೋಡಿ ಹೊರಟುಹೋಯಿತು. ಒಬ್ಬ ಬಸ್ ಡ್ರೈವರು ಗಕ್ಕನೆ ಬ್ರೇಕ್ ಹಾಕಿ, ಒಳಗಿದ್ದ ಮೂವತ್ತು ಜನ ಒಬ್ಬರ ತಲೆ ಒಬ್ಬರು ಗುದ್ದುವ ಹಾಗೆ ಮಾಡಿ, "ಈ ಇಲಾಖೆಯವರಿಗೆ ಮಾನ ಇಲ್ವಾ? ಈಗ್ಲೇ ಕಂಪ್ಲೇಂಟ್ ಕೊಡ್ತೀನಿ!" ಅಂತ ಫೋನ್ ತೆಗೆದ.

"ಬಣ್ಣ ಕಣ್ರೀ, ಬಣ್ಣ!" ಎಂದು ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಕುಣಿದ. ನಿಜ ತಿಳಿದ ಮೇಲೆ ಜನ ಇನ್ನಷ್ಟು ಸೇರಿದರು. ಚಿತ್ರ ಕೆಡಬಾರದೆಂದು ಎಲ್ಲರೂ ಭಕ್ತಿಯಿಂದ ಅದನ್ನು ಬಳಸಿಕೊಂಡು ಓಡಾಡಿದರು. ಭಾವಮೈದುನ ಫೋಟೋ ಹೊಡೆದು ಊರಿಗೆಲ್ಲ ಕಳಿಸಿದ. ನನ್ನ ಅಂಗಡಿಯ ಮುಂದೆ ಜಾತ್ರೆ. ಬಂದವರಿಗೆಲ್ಲ, "ಅವನು ಹುಟ್ಟಿದ್ದು ನನಗಿಂತ ಎಂಟೇ ದಿನ ಮುಂಚೆ," ಅಂತ ನಾನು ವಿವರಿಸುತ್ತಿದ್ದೆ, ಅದರಲ್ಲಿ ನನ್ನದೂ ಏನೋ ಪಾಲಿರುವವನ ಹಾಗೆ.

ಆ ಗದ್ದಲದ ನಡುವೆ ಹತ್ತು ಹೊಡೆಯಿತು. ಅಜ್ಜಿ ಬಾಚಣಿಗೆ ಹಿಡಿದು ಬಂದು ನಿಂತರು. ರಸ್ತೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಕೇಳಿದರು:

"ಪಟ್ಟಿ ಇದೆಯೇನಪ್ಪಾ?"

"ಯಾಕಿಲ್ಲ ಅಜ್ಜಿ!" ಎಂದೆ ನಾನು, ಹತ್ತು ಜನ ಕೇಳಲಿ ಎಂದು ಗಟ್ಟಿಯಾಗಿ. "ಎಂದೂ ಇಲ್ಲದಷ್ಟು ಚೆನ್ನಾಗಿದೆ ಇವತ್ತು!"

"ಹೌದಾ," ಎಂದರು ಅಜ್ಜಿ. ಬಾಚಣಿಗೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಒಳಗೆ ಹೋದರು. ನಾನು ಆ ಕಡೆ ನೋಡಲಿಲ್ಲ. ಯಾರೋ ನನ್ನ ಫೋಟೋ ತೆಗೆಯುತ್ತಿದ್ದರು.

ಬುಧವಾರ ಮಧ್ಯಾಹ್ನ, ಬೀದಿಯ ಅಂಗಡಿಗಳೆಲ್ಲ ಅರ್ಧ ಬಾಗಿಲು ಹಾಕಿ ತೂಕಡಿಸುವ ಹೊತ್ತಿನಲ್ಲಿ, ಬಸ್ ಡ್ರೈವರನ ದೂರು ಹಿಡಿದು ಗುಂಡಿ ಮುಚ್ಚುವ ಮೇಸ್ತ್ರಿ ತನ್ನ ಆಳಿನೊಂದಿಗೆ ಬಂದ. ಅಲ್ಲಿ ನಡೆದ ಮಾತು ಆಮೇಲೆ ಅವನ ಬಾಯಿಂದಲೇ ನನಗೆ ತಿಳಿಯಿತು.

ಮೇಸ್ತ್ರಿ ನೀರಿನ ಆಳ ನೋಡಲು ಸಲಾಕೆ ಅದ್ದಿದ. ಸಲಾಕೆ ಟಣ್ ಎಂದಿತು.

"ಇದು ಗುಂಡಿ ಅಲ್ಲ ಕಣೋ. ಬಣ್ಣ."

"ಹಂಗಂತ ಬರ್ಕೊಂಡು ಹೋಗೋಣ ಬಿಡಿ," ಎಂದ ಆಳು.

"ಎಲ್ಲಿ ಬರೀಲಿ? ಫಾರಂನಲ್ಲಿ ಎರಡೇ ಮನೆ ಇರೋದು. 'ಗುಂಡಿ ಮುಚ್ಚಿದೆ' ಅಂತ ಒಂದು, 'ಮುಚ್ಚಿಲ್ಲ' ಅಂತ ಒಂದು. ಗುಂಡಿ ಇರ್ಲೇ ಇಲ್ಲ ಅನ್ನೋದಕ್ಕೆ ಮನೆ ಇಲ್ಲ."

"ಮುಚ್ಚಿದೆ ಅಂತ ಬರೀರಿ ಮತ್ತೆ."

ಮೇಸ್ತ್ರಿಗೆ ನೋವಾಯಿತು. "ಹದಿನೆಂಟು ವರ್ಷ ಸರ್ವಿಸ್ ಆಯ್ತು ನಂದು. ಮುಚ್ಚದೇ ಇರೋ ಗುಂಡಿನ ಮುಚ್ಚಿದೆ ಅಂತ ಒಂದೇ ಒಂದು ದಿನ ಬರೆದಿದ್ರೆ ಈ ಕೈಗೆ ಹುಳ ಬೀಳ್ಲಿ."

ಸುಳ್ಳು ಬರೆಯಲಾರದ ಮನುಷ್ಯನಿಗೆ ಉಳಿದ ದಾರಿ ಒಂದೇ. ಪಿಕಾಸಿ ತರಿಸಿದ. ಮೊದಲು ಗುಂಡಿ, ಆಮೇಲೆ ಮುಚ್ಚುವುದು. ಬಣ್ಣದ ಅಂಚಿಗೆ ಅಂಚು ಕೂಡಿಸಿ, ದೂರಿನಲ್ಲಿದ್ದ ಅಳತೆಗೆ ಒಂದಿಂಚೂ ಹೆಚ್ಚಿಲ್ಲದಂತೆ, ಸೊಂಟದಾಳ ತೋಡಿಸಿದ. ತೋಡಿ ಮುಗಿಯುವ ಹೊತ್ತಿಗೆ ಡಾಂಬರಿನ ಗಾಡಿ ಬೇರೆ ಬೀದಿಗೆ ಹೋಗಿತ್ತು. "ನಾಳೆ ಮುಚ್ಚೋಣ," ಅಂತ ಪಕ್ಕದಲ್ಲೊಂದು ಕೆಂಪು ಕೋನ್ ಇಟ್ಟು ಹೊರಟರು. ಸಂಜೆ ನೀರಿನ ಟ್ಯಾಂಕರೊಂದು ಸೋರಿಕೊಂಡು ಹೋಗುತ್ತ ಅದನ್ನು ತುಂಬಿಸಿತು.

ನಿದ್ದೆ ತಿಳಿದು ನಾವು ಹೊರಗೆ ಬಂದು ನೋಡಿದೆವು.

"ಆಹಾ, ಅಂಚಿನ ಜಲ್ಲಿ ಎಷ್ಟು ಚೆನ್ನಾಗಿ ಬಂದಿದೆ ನೋಡು!" ಎಂದ ಕಟಿಂಗ್ ಶಾಪಿನವನು. "ಪಟ್ಟಿಯಣ್ಣ ಎರಡನೇ ಕೋಟ್ ಕೊಟ್ಟು ಹೋಗಿದಾನೆ. ಕೋನ್ ಕೂಡ ಬರೆದುಬಿಟ್ಟಿದಾನಲ್ಲಪ್ಪಾ!"

ಕೋನ್ ಚಿತ್ರವಲ್ಲವೆಂದು ಮುಟ್ಟಿ ನೋಡಿದ ಮೇಲೂ ನಮಗೆ ಗುಂಡಿಯನ್ನು ಮುಟ್ಟಿ ನೋಡುವ ಬುದ್ಧಿ ಬರಲಿಲ್ಲ.

ಗುರುವಾರ ಇಂಜಿನಿಯರ್ ಸಾಹೇಬರು ಬಂದರು. ಮೊದಲು ಅವರು ನೋಟಿಸ್ ಕೊಡಬೇಕೆಂದಿದ್ದರಂತೆ. ಅಷ್ಟರಲ್ಲಿ ಭಾವಮೈದುನನ ಫೋಟೋ ಅವರಿಗಿಂತ ದೊಡ್ಡ ಸಾಹೇಬರ ಫೋನಿಗೆ ಹೋಗಿ, ಅವರು "ಭೇಷ್" ಅಂದುಬಿಟ್ಟಿದ್ದರಿಂದ ನೋಟಿಸಿನ ಬದಲು ಪ್ರಶಂಸಾ ಪತ್ರ ಬಂತು. ಸಾಹೇಬರ ಕಾಲಲ್ಲಿ ಹೊಸ ಬೂಟು. ಪಟ್ಟಿಯಣ್ಣ ರಜೆ ಹಾಕಿ ಮೂರು ದಿನದಿಂದ ಬೆಟ್ಟದಿಂದ ಬೀಳುತ್ತಿದ್ದವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಫೋಟೋ ಚೆನ್ನಾಗಿ ಬರಲೆಂದು ಭಾವಮೈದುನ ಕೋನ್ ಎತ್ತಿ ಆಚೆ ಇಟ್ಟ.

ಪಟ್ಟಿಯಣ್ಣ ತನ್ನ ಗುಂಡಿಯನ್ನು ನೋಡಿದ. ನೀರು ತುಸು ಅಲುಗಾಡುತ್ತಿತ್ತು. ಮೋಡವೂ ಜರುಗುತ್ತಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿ, ನನ್ನ ಕಿವಿಯಲ್ಲಿ, "ನನ್ನ ಕೈ ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೋ," ಎಂದ. ಕಣ್ಣಲ್ಲಿ ನೀರಿತ್ತು.

ಸಾಹೇಬರು ಮಾತಾಡಿದರು. "ಕೆಲವರು ಕೇಳ್ತಾರೆ, ಈ ಕಾಲದಲ್ಲಿ ಗ್ರಾಫಿಕ್ಸ್‌ಗೆ ಬೆಲೆ ಇದೆಯಾ ಅಂತ. ಇದೆ! ನಿಜ ಯಾವುದು, ಚಿತ್ರ ಯಾವುದು ಅಂತ ಕಣ್ಣಿಗೆ ಗೊತ್ತಾಗಬಾರದು. ಆದ್ರೆ ಬುದ್ಧಿ ಇರೋನಿಗೆ ಗೊತ್ತಾಗುತ್ತೆ. ನೋಡಿ, ಎಲ್ಲರೂ ಹೆದರಿ ಬಳಸ್ಕೊಂಡು ಹೋಗ್ತೀರಿ. ನಾನು ಇದರ ಮೇಲೇ ನಿಂತು ಪ್ರಶಂಸಾ ಪತ್ರ ಕೊಡ್ತೀನಿ."

ಒಂದು ಹೆಜ್ಜೆ ಇಟ್ಟರು. ಸಾಹೇಬರು ಸೊಂಟದವರೆಗೆ ಗಿಡ್ಡವಾದರು.

ಜನ ಜೋರಾಗಿ ಚಪ್ಪಾಳೆ ತಟ್ಟಿದರು. "ಅಬ್ಬಾ, ಏನು ಗ್ರಾಫಿಕ್ಸ್! ಸಾಹೇಬರು ಮುಳುಗಿದ ಹಾಗೇ ಕಾಣ್ತಾರೆ!" ಎಂದ ಕಟಿಂಗ್ ಶಾಪಿನವನು.

"ಮುಳುಗಿದೀನಿ ಕಣಯ್ಯಾ, ಮುಳುಗಿದೀನಿ!" ಎಂದರು ಸಾಹೇಬರು.

ಚಪ್ಪಾಳೆ ಒಂದೊಂದಾಗಿ ನಿಂತಿತು. ಎಲ್ಲರೂ ಬಾಯಿ ಮುಚ್ಚಿದ ಆ ಒಂದು ಗಳಿಗೆಯಲ್ಲಿ, ಆಚೆ ಮಹಡಿಯ ಕಿಟಕಿಯ ಸರಳಿಗೆ ಯಾರೋ ಲೋಟದಿಂದ ಕುಟ್ಟುವ ಸದ್ದು ಕೇಳಿಸಿತು. ಬಹುಶಃ ಬಹಳ ಹೊತ್ತಿನಿಂದ ಕುಟ್ಟುತ್ತಿದ್ದರು. ತಲೆ ಎತ್ತಿದರೆ ಅಜ್ಜಿಯ ತಂಗಿ. ಬಿಳಿ ಕೂದಲು ಬಾಚಣಿಗೆ ಕಾಣದೆ ಹಕ್ಕಿಗೂಡಿನ ಹಾಗೆ ಕೆದರಿತ್ತು.

"ಏನ್ರೋ, ಆ ಗುಂಪಲ್ಲಿ ನಮ್ಮಕ್ಕ ಇದಾಳಾ? ಮೂರು ದಿನ ಆಯ್ತು ಬಂದು. ನನ್ನ ಮೇಲೆ ಕೋಪಾನಾ ಅಂತ ಕೇಳ್ರೋ!"

ಪಟ್ಟಿಯಣ್ಣ ಕಿಟಕಿ ನೋಡಿದ. ನನ್ನನ್ನು ನೋಡಿದ. ಆಮೇಲೆ ತನ್ನ ಪಟ್ಟಿಗಳನ್ನು, ಬೂದಿ ಬಳಿದ, ಸವೆಸಿದ, ಬಿರುಕು ಬಿಡಿಸಿದ ಆ ಹನ್ನೊಂದನ್ನು ನೋಡಿದ. ನೀರಿನಿಂದ ಕೈ ಚಾಚಿದ್ದ ಸಾಹೇಬರ ಪಕ್ಕದಲ್ಲೇ ಹಾದು, ಅವರ ಕೈ ಹಿಡಿಯುವುದನ್ನೂ ಮರೆತು, ಅವನು ಅಜ್ಜಿಯ ಮನೆಯ ಕಡೆ ನಡೆದ. ನಾನು ಹಿಂದೆ ಹೋದೆ.

ಅಜ್ಜಿ ನಡುಮನೆಯಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದರು. ಒಂದು ಕೈ ಗೋಡೆಯ ಮೇಲೆ. ಬಾಯಲ್ಲಿ ಎಣಿಕೆ. "ಹಾಸಿಗೆಯಿಂದ ನಾಲ್ಕು ಹೆಜ್ಜೆ, ನೀರಿನ ಹೂಜಿ. ಅಲ್ಲಿಂದ ಎರಡು, ಒಲೆ..."

"ಏನ್ ಮಾಡ್ತಿದೀರಿ ಅಜ್ಜಿ?" ಎಂದ ಪಟ್ಟಿಯಣ್ಣ.

"ಯಾರು, ಪಟ್ಟಿನಾ? ಬಾ. ರೂಢಿ ಮಾಡ್ಕೋತಿದೀನಪ್ಪಾ. ಕಣ್ಣು ಹೋಯ್ತು. ಮಂಗಳವಾರ ರಸ್ತೆ ನೋಡ್ತೀನಿ, ಬರೀ ಬೂದಿ. ಒಂದು ಪಟ್ಟಿನೂ ಕಾಣಲಿಲ್ಲ. ಪಟ್ಟಿ ಅಳಿಸೋಗಿದೆಯೇನೋ ಅಂತ ಗಡಿಯಾರದವನನ್ನ ಕೇಳ್ದೆ. ಎಂದೂ ಇಲ್ಲದಷ್ಟು ಚೆನ್ನಾಗಿದೆ ಅಂದ. ಪಟ್ಟಿ ಅಷ್ಟು ಚೆನ್ನಾಗಿದ್ದೂ ಕಾಣಲ್ಲ ಅಂದ್ರೆ ಕಣ್ಣು ಪೂರ್ತಿ ಹೋಯ್ತು ಅಂತ ತಾನೆ? ತಂಗಿಗೆ ಹೇಳ್ಬೇಡ, ಎದೆ ಒಡ್ಕೋತಾಳೆ."

ನನಗೆ ಆ ನೆಲ ಬಾಯಿಬಿಟ್ಟಿದ್ದರೆ ಸಾಕಾಗಿತ್ತು. ಆದರೆ ಮೇಸ್ತ್ರಿ ಅಲ್ಲಿ ತೋಡಿರಲಿಲ್ಲ.

ಪಟ್ಟಿಯಣ್ಣ ನೆಲಕ್ಕೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಆಟ, ಬೆಟ್ಟ, ಬೂದಿ ಬಣ್ಣ, ಮೋಡದ ಚೂರು, ಎಲ್ಲ. ಕೊನೆಗೆ, "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಜ್ಜಿ. ಪಟ್ಟಿನೇ ಕೆಡಿಸಿದ್ದು. ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ. ಯಾರಿಗೆ ಕಾಣಬೇಕು ಅನ್ನೋದನ್ನೇ ಮರೆತೆ," ಎಂದ.

ಅಜ್ಜಿ ಕಣ್ಣು ತೆರೆದರು. ಕಿಟಕಿಯ ಬೆಳಕಿನ ಕಡೆ ಮುಖ ತಿರುಗಿಸಿ, ಕೈಯನ್ನು ಕಣ್ಣ ಮುಂದೆ ಆಡಿಸಿ ನೋಡಿಕೊಂಡರು.

"ಹೋಗಿಲ್ವಾ ಹಾಗಾದ್ರೆ?"

"ಇಲ್ಲ ಅ‌ಜ್ಜಿ."

"ಮೂರು ದಿನ ಒಲೆ ಹಚ್ಚದೆ ಕೂತಿದ್ನಲ್ಲೋ." ಅಷ್ಟು ಹೇಳಿ, ಕೈಗೆ ಸಿಕ್ಕಿದ ಬಾಚಣಿಗೆಯಿಂದಲೇ ಅವನ ತಲೆಗೆ ಒಂದು ಬಿಗಿದರು. "ಹುಟ್ಟುವಾಗ್ಲೇ ಕಾಲು ಮುಂದೆ ಮಾಡ್ಕೊಂಡು ಬಂದೋನು ನೀನು! ನಿಮ್ಮಮ್ಮನ್ನ ಒಂದೂವರೆ ದಿನ ನರಳಿಸ್ದೆ. ಅವತ್ತೇ ಅಂದ್ಕೊಂಡೆ, ಇವನು ಏನು ಮಾಡಿದ್ರೂ ಉಲ್ಟಾನೇ ಅಂತ. ಮತ್ತೆ ಆ ಇನ್ನೊಬ್ಬ ಎಲ್ಲಿ, ಗಡಿಯಾರದವನು? ಬಾಗಿಲ ಹಿಂದೆ ನಿಂತಿದಾನೆ ತಾನೆ? ಬಾ ಈಚೆ."

ನಾನು ಈಚೆ ಬಂದೆ. ನನಗೂ ಒಂದು ಬಿತ್ತು. ನ್ಯಾಯವಾಗಿ ಎರಡು ಬೀಳಬೇಕಿತ್ತು.

ಅವತ್ತು ಸಂಜೆಯೊಳಗೆ ಮೇಸ್ತ್ರಿ ಗುಂಡಿ ಮುಚ್ಚಿ ಫಾರಂನಲ್ಲಿ ಸತ್ಯವನ್ನೇ ಬರೆದ. ಪ್ರಶಂಸಾ ಪತ್ರ ನೀರಲ್ಲಿ ನೆಂದು ಹೋದದ್ದರಿಂದ ಸಾಹೇಬರು ಅದರ ಬದಲು ಹೊಸದೊಂದು ಕಾಗದ ಕಳಿಸಿದರು: 'ಇಲಾಖೆಯ ಪೂರ್ವಾನುಮತಿ ಇಲ್ಲದೆ ರಸ್ತೆಯ ಮೇಲೆ ಮೋಡ ಚಿತ್ರಿಸಿದ್ದಕ್ಕೆ ಕಾರಣ ತಿಳಿಸತಕ್ಕದ್ದು.' ಪಟ್ಟಿಯಣ್ಣ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ನನ್ನ ಅಂಗಡಿಗೆ ಬಂದ.

"ಒಂದು ಕನ್ನಡಕ ಮಾಡ್ಕೊಡು."

"ನಾನು ಗಡಿಯಾರದವನು ಕಣೋ."

"ಕಾಣೋ ಕನ್ನಡಕ ಅಲ್ಲ. ಕಾಣದೇ ಇರೋದು."

ನನಗೆ ಅರ್ಥವಾಯಿತು. ಎರಡು ಹಳೆಯ ಗಡಿಯಾರದ ಗಾಜು ತೆಗೆದು, ಮರಳು ಕಾಗದದಿಂದ ಉಜ್ಜಿ, ಮುರುಕು ಫ್ರೇಮಿಗೆ ಕೂರಿಸಿದೆ. ಹಾಕಿಕೊಂಡರೆ ಲೋಕವೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ. ಅವನು ಅದನ್ನು ತೊಟ್ಟು ಬಾಗಿಲಲ್ಲಿ ನಿಂತು, ತನ್ನ ಕಲೆಯ ಕಡೆ ನೋಡಿದ. ಕನ್ನಡಕ ತೆಗೆದು ನನಗೆ ಕೊಟ್ಟ. ನಾನೂ ನೋಡಿದೆ. ಬರೀ ಬೂದಿ. ಅದರ ಮೇಲೆ ಗುರ್ರೆನ್ನುತ್ತ ಹಾಯುವ ನೆರಳುಗಳು.

ಶುಕ್ರವಾರ ಬೆಳಗಾಗುವ ಮುಂಚೆ ಹಳೆಯ ದಾರ, ಹಳೆಯ ಮೊಳೆ, ಹಳೆಯ ರೋಲರ್ ಬಂದವು. ಹಾದು ಹೋಗುವವರು ಆ ಕುರುಡು ಕನ್ನಡಕ ತೊಟ್ಟು ರಸ್ತೆಗೆ ಬಣ್ಣ ಬಳಿಯುವ ಮನುಷ್ಯನನ್ನು ನೋಡಿ ನಕ್ಕರು. ಒಂದು ಪಟ್ಟಿ ಬಳಿದು, ಹತ್ತು ಹೆಜ್ಜೆ ಹಿಂದೆ ಹೋಗಿ, ಕನ್ನಡಕದಲ್ಲಿ ನೋಡಿ, ಸಾಲದು ಅಂತ ಮತ್ತೊಂದು ಕೈ ಬಳಿಯುತ್ತಿದ್ದ. ಭಾವಮೈದುನ ಬಂದು, "ಭಾವ, ಮತ್ತೆ ಡಬ್ಬಾನಾ? ಫೋಟೋಗೆ ಏನೂ ಇಲ್ವಲ್ಲ!" ಎಂದ. ಪಟ್ಟಿಯಣ್ಣ ಕನ್ನಡಕ ಬಿಚ್ಚಿ ಅವನ ಮೂಗಿನ ಮೇಲೆ ಇಟ್ಟ. ಭಾವಮೈದುನ ಅದರಲ್ಲಿ ರಸ್ತೆ ನೋಡಿದ, ಬರುತ್ತಿದ್ದ ಬಸ್ಸಿನ ನೆರಳು ನೋಡಿದ, ಗಾಬರಿಯಿಂದ ಬಿಳಿ ಪಟ್ಟಿಯ ಮೇಲೆ ಹಾರಿ ನಿಂತ. ಮತ್ತೆ ಫೋಟೋ ಎನ್ನಲಿಲ್ಲ.

ಹದಿನೇಳು ಗಡಿಯಾರ ಹತ್ತು ಹೊಡೆದವು. ಅವತ್ತು ನಾನು ಹದಿನೇಳನ್ನೂ ಕೇಳಿಸಿಕೊಂಡೆ. ಅಜ್ಜಿ ಬಂದು ನಿಂತರು.

"ಪಟ್ಟಿ ಇದೆಯೇನಪ್ಪಾ?"

ನಾನು ಸ್ಟೂಲು ಬಿಟ್ಟು ಎದ್ದೆ. ರಸ್ತೆಯ ಅಂಚಿಗೆ ಹೋಗಿ, ಕನ್ನಡಕ ಹಾಕಿಕೊಂಡು ಎಣಿಸಿದೆ. ಹನ್ನೊಂದು. "ಇದೆ ಅಜ್ಜಿ."

"ಒಂದು... ಎರಡು... ಮೂರು..."

ಬಸ್ಸು ನಿಂತಿತು. ಡ್ರೈವರು ಅವನೇ. ಏಳನೆಯ ಪಟ್ಟಿಯ ಮೇಲೆ ಅಜ್ಜಿ ಗಕ್ಕನೆ ನಿಂತರು. ಪಟ್ಟಿಯಣ್ಣ ಕೈಯಲ್ಲಿದ್ದ ರೋಲರ್ ಕೆಳಗೆ ಹಾಕಿದ. ಅಜ್ಜಿ ಕಾಲಲ್ಲಿ ಒತ್ತಿ ನೋಡಿದರು.

"ಇಲ್ಲೇನೋ ಉಬ್ಬಿದೆಯಲ್ಲ?"

"ಗುಂಡಿ ಮುಚ್ಚಿದ್ದು ಅಜ್ಜಿ," ಎಂದ ಮೇಸ್ತ್ರಿ ದೂರದಿಂದ, ಹೆಮ್ಮೆಯಿಂದ.

"ಇಲ್ಲಿ ಗುಂಡಿ ಎಲ್ಲಿತ್ತು?"

ಮೇಸ್ತ್ರಿ ತನ್ನ ಸಲಾಕೆ ನೋಡಿದ, ನಾವೆಲ್ಲ ನಮ್ಮ ಕಾಲು ನೋಡಿಕೊಂಡೆವು. ಅಜ್ಜಿ ತಲೆ ಕೊಡವಿ, "ಎಂಟು... ಒಂಬತ್ತು..." ಎನ್ನುತ್ತ ಮುಂದೆ ನಡೆದರು. ಹನ್ನೊಂದಾಯಿತು. ಮೆಟ್ಟಿಲ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮಹಡಿಯ ಕಿಟಕಿಯಲ್ಲಿ ಆ ಕೆದರಿದ ಬಿಳಿ ತಲೆಯ ಹಿಂದೆ ಇನ್ನೊಂದು ಬಿಳಿ ತಲೆ ಕಾಣಿಸಿತು. ಜನ ಈ ಸಲವೂ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಪಟ್ಟಿಯಣ್ಣ ಮಾತ್ರ ಬಣ್ಣದ ಡಬ್ಬದೊಳಗೆ ಮುಖ ಹಾಕಿ ಏನನ್ನೋ ಕಲಕುತ್ತ ಕೂತಿದ್ದ. ಅದನ್ನು ಕಂಡು ಎತ್ತಿದ ಕೈಗಳೆಲ್ಲ ಇಳಿದವು.

ಅವನು ಮನೆಗೆ ಹೋದಾಗ ಅತ್ತಿಗೆ ಹೇಳಿದರಂತೆ, "ರೀ, ಆ ವಿಜ್ಞಾನಿನ ಬಿಡಿಸ್ಕೊಂಡು ಬಂದೆ. ಸೆಟ್ಟಿಂಗ್ಸಲ್ಲಿ ಬಿಳಿ ಬಣ್ಣ ವಾಪಸ್ ಹಾಕಿಸ್ದೆ. ಗುರುತು ಹಿಡ್ಕೊಂಡು ಹತ್ತಿದ್ರೆ ಹತ್ತೇ ನಿಮಿಷ."

ಪಟ್ಟಿಯಣ್ಣ ಕಾಲು ತೊಳೆಯುತ್ತಲೇ ಕೇಳಿದನಂತೆ, "ಮೇಲಿಂದ ಚೆನ್ನಾಗಿ ಕಾಣ್ತಿತ್ತಾ?"

"ಬಹಳ ಚೆನ್ನಾಗಿ ಕಾಣ್ತಿತ್ತು. ಆದ್ರೆ ಹತ್ತಿದ ಮೇಲೆ ತಾನೇ ಕಾಣೋದು?"

ಭಾವಮೈದುನನ ಯಂತ್ರ ಅಂಗಡಿಗೆ ವಾಪಸ್ಸಾಯಿತು. ಮೋಡದ ಬಗ್ಗೆ ಕಾರಣ ಕೇಳಿದ ಕಾಗದಕ್ಕೆ ಪಟ್ಟಿಯಣ್ಣ ಒಂದೇ ಸಾಲಿನ ಉತ್ತರ ಕೊಟ್ಟ: 'ನಾಚಿಕೆಯಾಗಿದೆ.' ಸಾಹೇಬರ ಫಾರಂನಲ್ಲಿ ಅದಕ್ಕೆ ಮನೆ ಇಲ್ಲದ್ದರಿಂದ ಆ ಫೈಲು ಇನ್ನೂ ಮುಚ್ಚಿಲ್ಲವೆಂದು ಕೇಳಿದ್ದೇನೆ.

ಆ ಕನ್ನಡಕ ನನ್ನ ಗೋಡೆಯಲ್ಲಿ, ಗಡಿಯಾರಗಳ ನಡುವೆ, ಒಂದು ಮೊಳೆಗೆ ನೇತಾಡುತ್ತದೆ. ದಿನಾ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿಯಣ್ಣ ಒಳಗೆ ಬರುತ್ತಾನೆ. ಅದನ್ನು ತೆಗೆದುಕೊಂಡು ರಸ್ತೆಯ ಅಂಚಿಗೆ ಹೋಗಿ, ಹಾಕಿಕೊಂಡು ನಿಂತು ನೋಡಿ, ಬಂದು ನನ್ನ ಕೈಗೆ ಕೊಡುತ್ತಾನೆ. ನಾನೂ ಹೋಗಿ ನೋಡಿ ಬಂದು ಮೊಳೆಗೆ ಸಿಕ್ಕಿಸುತ್ತೇನೆ. ಅಷ್ಟು ಹೊತ್ತೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆಮೇಲೆ ಪಕ್ಕದ ಮನೆಯ ಬಾಗಿಲು ತೆರೆಯುವ ಸದ್ದಾಗುತ್ತದೆ.